ಹೊಂಬಳೋದರ ವಿಜಯ

ಕೇಳಿರಯ್ಯಾ! ಕಿಸೆಯೊಳಗಿನ ಫೋನು ಕಿಸೆಯ ಒಡೆಯನಿಗಿಂತ ಜಾಣನಾದ ಈ ಕಲಿಯುಗದಲ್ಲಿ, ಧಾರವಾಡ ಪ್ರಾಂತದೊಳಗೆ, ಅಖಿಲಗಣಿತಗಹನಗಹ್ವರವಿಹಾರಿಯೂ, ಅಲ್ಪದತ್ತಾಂಶಜನಿತಾನಲ್ಪಚಿತ್ರನಿರ್ಮಾಣಧುರಂಧರನೂ, ಮಧ್ಯಾಹ್ನದ ರೊಟ್ಟಿಯ ತರುವಾಯದ ತೂಕಡಿಕೆಯೊಂದನ್ನು ಮಾತ್ರ ಗೆಲ್ಲಲಾರದವನೂ ಆದ ಪ್ರೊಫೆಸರ್ ಚನ್ನವೀರಪ್ಪ ಹೊಂಬಳನೆಂಬ ಮಹಾರಥಿಯಿದ್ದನು. ಸ್ಕ್ಯಾನ್ ಯಂತ್ರವು ರೋಗಿಯ ಸುತ್ತ ತಿರುಗಿ ನೂರಾರು ಕಡೆಯಿಂದ ಎಕ್ಸ್‌ರೇ ಹಿಡಿದರೆ ಮಾತ್ರ ಒಡಲಿನ ಪೂರ್ಣಾಕೃತಿ ಮೂಡುವುದೆಂಬ ಲೋಕನಿಯಮವನ್ನು ಧಿಕ್ಕರಿಸಿ, ಬೆರಳೆಣಿಕೆಯ ಎಕ್ಸ್‌ರೇಗಳಿಂದಲೇ ಅದನ್ನು ಕಡೆದು ನಿಲ್ಲಿಸುವ ಪ್ರೋಗ್ರಾಮನ್ನು ಆತ ರಚಿಸಿದ್ದನು. ನಡುವೆ ಕಾಣದೆ ಉಳಿದುದನ್ನೆಲ್ಲ ಅದು ಊಹೆಯಿಂದ ತುಂಬುತ್ತಿತ್ತು. ಊಹಿಸುವುದನ್ನು ಪರದೇಶದ ಸಾವಿರಾರು ಹೊಟ್ಟೆಗಳನ್ನು ನೋಡಿ ಕಲಿತಿತ್ತು.

ಊರಿನ ಆಸ್ಪತ್ರೆಯ ಸ್ಕ್ಯಾನ್ ವಿಭಾಗವನ್ನಾಳುತ್ತಿದ್ದ ಡಾಕ್ಟರ್ ಶಕುಂತಲಾ ಅಂಗಡಿ ಇದನ್ನು ಒಪ್ಪಲಿಲ್ಲ. "ಸರ, ಊಹಾ ಮಾಡಿ ಮಂದಿ ಹೊಟ್ಟಿ ಕೊಯ್ಯಾಕ ಆಗೂದಿಲ್ರಿ" ಎಂದಳು.

ಆಗ ರೋಷಾರುಣನೇತ್ರನಾದ ಚನ್ನವೀರಪ್ಪನು ಟೇಬಲ್ ಗುದ್ದಿ ಗರ್ಜಿಸಿದನು: "ಮಂದಿ ಹೊಟ್ಟಿ ಯಾಕ್ರೀ, ನನ್ನ ಹೊಟ್ಟೀನ ತಗೋರಿ! ಚಿತ್ರ ಸುಳ್ಳಾತಂದ್ರ ಇಷ್ಟು ವರ್ಷದ ಈ ಪ್ರೋಗ್ರಾಂ ಇವತ್ತ, ಈಗ, ನಿಮ್ಮ ಮುಂದ ಅಳಿಸಿ ಹಾಕ್ತೀನಿ. ಹೊಂಬಳದವರ ಮಾತ್ರೀ ಇದು!"

"ಆತು. ಮೈಮ್ಯಾಲೆ ಲೋಹದ್ದು ಏನರ ಐತೇನ್ರಿ?"

ಅನ್ಯವೀರರು ರಣಕ್ಕೆ ಹೊರಡುವಾಗ ಆಯುಧ ತೊಡುವರು, ನಮ್ಮವನು ಕಳಚತೊಡಗಿದನು. ಗಡಿಯಾರ ಹೋಯಿತು, ಉಂಗುರ ಹೋಯಿತು, ಬೆಲ್ಟು ಕನ್ನಡಕಗಳೂ ಹೋದವು. "ಇನ್ನೇನೂ ಇಲ್ಲ, ನಡೀರಿ" ಎಂದು ಬೆನ್ನಿಗೆ ಗುಂಡಿಯಿಲ್ಲದ ಹಸಿರು ನಿಲುವಂಗಿ ತೊಟ್ಟು, ಯಂತ್ರದ ಬಾಯಿಗೆ ತನ್ನನ್ನು ಅರ್ಪಿಸಿಕೊಂಡನು.

ಬೆರಳೆಣಿಕೆಯ ಎಕ್ಸ್‌ರೇ ಹಿಡಿದ ಕೆಲಹೊತ್ತಿನಲ್ಲೇ ಪರದೆಯ ಮೇಲೆ ಹೊಂಬಳೋದರವು ಮೂರು ಆಯಾಮಗಳಲ್ಲಿ ಅವತರಿಸಿತು. ಯಕೃತ್ತು, ಆಹಾ! ಮೂತ್ರಪಿಂಡ, ಭೇಷ್! ಕರುಳಿನ ನಡುವೆ ಕಿರುಬೆರಳಷ್ಟು ಬೆಳ್ಳಗಿನ ಕೊಳವೆ... ಅಯ್ಯೋ ಶಿವನೇ, ಏನದು?

ಶಕುಂತಲೆ ಪರದೆಗೆ ಮುಖ ತಾಗುವಷ್ಟು ಬಾಗಿ ನೋಡಿದಳು. "ಇದು ಖರೇ ಇದ್ರ ಇವತ್ತ ಆಪರೇಷನ್ ಮಾಡಬೇಕಾಗತೈತ್ರಿ ಸರ. ಮೊದಲ ಪೂರಾ ಸ್ಕ್ಯಾನ್ ಮಾಡಿ ನೋಡೂಣು, ಮಲಕೋರಿ."

ಚಿತ್ರ ನಿಜವಾದರೆ ಹೊಟ್ಟೆ ಹೋಯಿತು. ಸುಳ್ಳಾದರೆ ಪ್ರೋಗ್ರಾಮು ಹೋಯಿತು. ನಾಚಿಕೆಗೇಡು ನೋಡಿ, ಆ ಮಹಾನುಭಾವನು ಒಂದು ಗಳಿಗೆ, ಹೊಟ್ಟೆಯೊಳಗೆ ಅದು ಇರಲಪ್ಪಾ ಎಂದೇ ಹಾರೈಸಿದನು! ಮರುಗಳಿಗೆಗೆ ಹೆಂಡತಿಯ ಮುಖ ನೆನಪಾಗಿ ಜೀವ ಬಾಯಿಗೆ ಬಂತು. ಶಾಲೆಯ ಗಣಿತಪರೀಕ್ಷೆಯ ಕಾಲದಿಂದಲೂ ಹೆದರಿದಾಗಲೆಲ್ಲ ಮಾಡುತ್ತಿದ್ದಂತೆ ಆತನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಚಿಕ್ಕಂದಿನಲ್ಲಿ ಅವ್ವ ಉಡಿದಾರಕ್ಕೆ ಪೋಣಿಸಿದ್ದ ತಾಯತವನ್ನು ಗಟ್ಟಿಯಾಗಿ ಹಿಡಿಯಿತು.

ಬೆಳ್ಳಿಯ ತಾಯತ. ಕಿರುಬೆರಳಷ್ಟು ಕೊಳವೆ.

ಹಿಡಿದ ಕೈ ಹಿಡಿದಲ್ಲೇ ನಿಂತಿತು. ಪರದೇಶದ ಹೊಟ್ಟೆಗಳಿಗೆ ಉಡಿದಾರವಿಲ್ಲ, ತಾಯತವಿಲ್ಲ. ಹೊರಗೆ ಅಂಥದೊಂದು ಇರಬಹುದೆಂದು ಎಂದೂ ಕಲಿಯದ ಪ್ರೋಗ್ರಾಮು ಅದನ್ನು ಒಳಗೆ ತುರುಕಿ ಕೈತೊಳೆದುಕೊಂಡಿತ್ತು.

"ಯಾಕ್ರೀ ಸರ, ಹೊಟ್ಟಿ ನೋಯಾಕತ್ತೈತೇನ್ರಿ?"

ಅಖಿಲಗಣಿತಗಹನಗಹ್ವರವಿಹಾರಿಯು ನಿಲುವಂಗಿಯೊಳಗೆ ಕೈಯಾಡಿಸಿ, ಬೆವರಿಗೆ ಬಿಗಿದುಹೋಗಿದ್ದ ಉಡಿದಾರದ ಗಂಟಿನೊಡನೆ ಬಹಳ ಹೊತ್ತು ಸೆಣಸಿದನು. ಗಂಟು ಸೋಲಲಿಲ್ಲ. ಕಡೆಗೆ ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಕೇಳಿದನು:

"ಮೇಡಂ, ಒಂದು ಕತ್ರಿ ಸಿಗತೈತೇನ್ರಿ?"