ಲಂಡನ್ ಡಾಕ್ಟರೂ ನಮ್ಮ ಮನೆತನವೂ

ನಮ್ಮ ತಾತ ಅರಮನೆಯ ಕುದುರೆ ಲಾಯದ ಮುಖ್ಯಸ್ಥರು. ಪ್ರತಿ ದಸರೆಗೂ ನಮ್ಮ ಮನೆಗೆ ದರ್ಬಾರಿನ ಕರೆ ಬರುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿ ಮೈಸೂರಿನ ಈ ಆಸ್ಪತ್ರೆಗೆ ನರ್ಸುಗಳ ಮೇಲಿನ ಮೇಟ್ರನ್ ಆಗಿ ಬಂದವಳು. ಇಂಥ ಮನೆತನದವಳ ಕಣ್ಣೆದುರಿಗೇ ಹಾಸ್ಯಾಸ್ಪದ ಸಂಗತಿಗಳು ಏಕೆ ನಡೆಯುತ್ತವೋ ತಿಳಿಯದು. ಲಂಡನ್ನಿನಿಂದ ಮನೋವೈದ್ಯರೊಬ್ಬರು ನಮ್ಮಲ್ಲಿಗೆ ಬಂದ ಮೇಲಂತೂ ವಾರಕ್ಕೊಂದು.

ಅವರು ಮೈಸೂರಿನವರೇ, ಆದರೆ ಚಿಕ್ಕಂದಿನಲ್ಲೇ ತಂದೆಯ ಜೊತೆ ವಿಲಾಯತಿಗೆ ಹೋದವರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಹುದ್ದೆ ಅವರಿಗೆ ಬೇಕಿತ್ತು. ಸಿಗದಿದ್ದರೆ ಮರಳಿ ಹಡಗು ಹತ್ತುವುದಾಗಿ ಹೇಳಿದ್ದರು.

೧. ಸರ್ಟಿಫಿಕೇಟು

ಅರ್ಜಿ ಕೊಡಲು ಹೋದಾಗ ಕಾಲೇಜಿನ ಗುಮಾಸ್ತರು ಕಾಗದಗಳನ್ನು ತಿರುವಿಹಾಕಿದರು.

“ಮೂರು ವರ್ಷ ಲಂಡನ್ ಹುಚ್ಚಾಸ್ಪತ್ರೇಲಿ ಇದ್ರಾ ಸ್ವಾಮಿ?”

“ಹೌದು, ಮೂರು ವರ್ಷ.”

“ಹಾಗಾದ್ರೆ ವಾಸಿಯಾಗಿದೆ ಅಂತ ಒಂದು ಸರ್ಟಿಫಿಕೇಟು ಲಗತ್ತಿಸಿ.”

ಡಾಕ್ಟರು ಲಂಡನ್ನಿಗೆ ಬರೆದು ಅದನ್ನೂ ತರಿಸಿದರು. ಬುದ್ಧಿ ಸರಿಯಿದೆಯೆಂದು ಲಿಖಿತ ದಾಖಲೆ ಇರುವ ಡಾಕ್ಟರು ನಮ್ಮಲ್ಲಿ ಅವರೊಬ್ಬರೇ.

೨. ತಲೆ

ನಿದ್ದೆ ಬರುವುದಿಲ್ಲವೆಂದು ಕಡಕೊಳದ ರೈತರೊಬ್ಬರು ಬಂದರು.

“ನಿದ್ರೆ ಏಕೆ ಬರುವುದಿಲ್ಲ?” ಡಾಕ್ಟರದು ಪುಸ್ತಕ ಓದಿ ಕಲಿತ ಕನ್ನಡ.

“ನಮ್ಮೋಳು ತಲೆ ತಿಂದ್ಬುಡ್ತಾಳೆ ಕಣ್ರೀ.”

“ಎಷ್ಟು ತಿಂದಿದ್ದಾರೆ?”

“ಪೂರ್ತಿ!”

ಡಾಕ್ಟರು ಟಾರ್ಚು ಹಿಡಿದು ತಲೆ ಪರೀಕ್ಷಿಸಿ, “ಎಲ್ಲವೂ ಇದೆ” ಎಂದು ಸಮಾಧಾನ ಹೇಳಿ, ಭ್ರಮೆಯೆಂದು ಬರೆದು ವಾರ್ಡಿಗೆ ಸೇರಿಸಿದರು. ಹೆಂಡತಿ ಇಲ್ಲದ ವಾರ್ಡಿನಲ್ಲಿ ರೈತರು ಎರಡು ದಿನ ಗೊರಕೆ ಹೊಡೆದರು. ಔಷಧ ಫಲಿಸಿತೆಂದು ಡಾಕ್ಟರು ಪ್ರಬಂಧ ಬರೆದರು.

೩. ಪಾಠ

ಕೊನೆಗೆ ಡಾಕ್ಟರು ಆಯ್ಕೆ ಸಮಿತಿಯ ಎದುರಿಗೆ ವಿದ್ಯಾರ್ಥಿಗಳಿಗೆ ಒಂದು ಪಾಠ ಮಾಡಬೇಕಾಯಿತು. ವಿಷಯ, ತಾನು ದೊಡ್ಡ ಮನೆತನದವಳೆಂಬ ಭ್ರಮೆ. ತಾನೇ ಮಹಾರಾಣಿ ಎನ್ನುತ್ತಿದ್ದ ರೋಗಿಯನ್ನು ಕರೆಸಿದ್ದರು. ಕಾಫಿ ಬರುವ ತನಕ ಏಳುವುದಿಲ್ಲವೆಂದು ಆಕೆ ವಾರ್ಡಿನಲ್ಲೇ ಹಟ ಹಿಡಿದಳು. ಅದನ್ನು ತಿಳಿಸಲು ನಾನೇ ಪಾಠದ ಕೋಣೆಯೊಳಗೆ ಹೋದೆ. ಸಮಿತಿಯ ಅಧ್ಯಕ್ಷರು ಹೊರ ಊರಿನವರು, ನನ್ನನ್ನು ಕಂಡವರಲ್ಲ.

“ಬಾಮ್ಮ, ಕೂತ್ಕೋ. ಯಾರು ನೀನು?” ಎಂದರು ಅವರು.

ಏಕವಚನ! ನಾನು ಕೂರಲಿಲ್ಲ. ಲಾಯ, ದರ್ಬಾರು, ಕಾನ್ವೆಂಟು, ಎಲ್ಲವನ್ನೂ ಹೇಳಿದೆ. ವಿದ್ಯಾರ್ಥಿಗಳು ಬರೆದುಕೊಂಡರು.

“ಈ ಬಿಳಿ ಟೋಪಿ ಯಾರು ಕೊಟ್ಟಿದ್ದಮ್ಮ?”

“ಸರ್ಕಾರ! ಈ ಆಸ್ಪತ್ರೆ ನಡೀತಿರೋದೇ ನನ್ನಿಂದ!”

“ಭೇಷ್!” ಎಂದು ಅಧ್ಯಕ್ಷರು ಡಾಕ್ಟರ ಕಡೆ ತಿರುಗಿದರು. “ಪುಸ್ತಕದಲ್ಲೂ ಇಷ್ಟು ಚೆನ್ನಾಗಿಲ್ಲ ಕಣ್ರೀ.”

ಡಾಕ್ಟರು ಬಾಯಿ ತೆರೆದರು. ನನ್ನನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು, ಬಾಯಿ ಮುಚ್ಚಿದರು. ಹುದ್ದೆ ಅಲ್ಲೇ ಸಿಕ್ಕಿತು.

ಈಗ ಪ್ರತಿ ವರ್ಷ ಆ ಪಾಠಕ್ಕೆ ನನ್ನ ಮಾತುಗಳನ್ನೇ ಓದಿ ಹೇಳುತ್ತಾರಂತೆ. ನಮ್ಮ ತಾತ ಲಾಯದ ಮುಖ್ಯಸ್ಥರಾಗಿದ್ದದ್ದು ನಿಜ. ಡಾಕ್ಟರು ನನಗೆ ಲಿಖಿತವಾಗಿ ಕ್ಷಮೆ ಕೇಳತಕ್ಕದ್ದು.