ಅತ್ತೆಯ ಕುರಿಗಳೂ ಸ್ಕೂಲಿನ ಬೆಲ್ಲೂ

ಯಗಟಿ ಕಡೆಯಿಂದ ಕಡೂರಿಗೆ ಹೋಗುವ ಬಸ್ಸುಗಳ ಟೈಮು ಬದಲಾಯಿಸಿದ್ದು ನಮ್ಮ ಸೋದರತ್ತೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ! ಆದರೆ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ನಮ್ಮೂರ ಸ್ಕೂಲಿನ ಮುಂದೆ ಹಾಯುತ್ತಿದ್ದ ಯಾವ ಡ್ರೈವರನ್ನಾದರೂ ಕೇಳಿ ನೋಡಿ. "ಆ ಯಮ್ಮನ ಸಾವಾಸ ಬ್ಯಾಡ ಕಣಣ್ಣ, ಹತ್ತು ನಿಮಿಷ ಮುಂಚೇನೇ ಹೊಂಟ್ಬಿಡ್ತೀವಿ" ಎನ್ನುತ್ತಾನೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಟ್ಟಿದ್ದೂ ಮದುವೆಯಾಗಿದ್ದೂ ಇದೇ ಊರಲ್ಲಿ. ಒಂದಿಷ್ಟು ಹೊಲ, ಹತ್ತಾರು ತೆಂಗಿನ ಮರ, ನಲವತ್ತು ಕುರಿ ಇವೆ, ಮಕ್ಕಳಿಲ್ಲ. ಊರು ರಸ್ತೆಯ ಈ ಕಡೆ, ಸ್ಕೂಲು ಆ ಕಡೆ. ನಡುವಿನ ಟಾರು ರಸ್ತೆಯಲ್ಲಿ ಬಸ್ಸು, ತೆಂಗಿನಕಾಯಿ ಲಾರಿ ಮತ್ತು ನನ್ನಂಥ ಬೈಕಿನ ವೀರರು ಹುಲಿ ಅಟ್ಟಿಸಿಕೊಂಡು ಬಂದವರಂತೆ ಓಡುತ್ತಿದ್ದರೆ, ಮಕ್ಕಳು ಸೈಕಲ್ ಹಿಡಿದು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಹಾಕುತ್ತಾ ಅಂಚಿನಲ್ಲೇ ನಿಂತಿರುತ್ತಿದ್ದವು. ಒಂದು ದಿನ ಏಳನೇ ಕ್ಲಾಸಿನ ಹುಡುಗಿಯ ಸೈಕಲ್ಲಿನ ಹಿಂದಿನ ಚಕ್ರವನ್ನು ಲಾರಿಯೊಂದು ಸವರಿಕೊಂಡು ಹೋಯಿತು. ಪುಣ್ಯಕ್ಕೆ ಹುಡುಗಿಗೆ ಮೊಣಕೈ ತರಚಿತು, ಅಷ್ಟೆ. ಊರೆಲ್ಲ "ದೇವರು ದೊಡ್ಡವನು" ಎಂದು ಮನೆಗೆ ಹೋಯಿತು. ಅತ್ತೆ ಮಾತ್ರ ನನ್ನ ಬೆನ್ನು ಹತ್ತಿದಳು. "ದೇವ್ರು ದಿನಾ ಬಂದು ನಿಂತ್ಕೊಳಕ್ಕಾಯ್ತದೇನೋ? ಹಂಪ್ಸ್ ಹಾಕಿಸ್ಬೇಕು. ಬರಿ ಅರ್ಜಿ!"

ಬರೆದೆ. ಒಂದಲ್ಲ, ನಾಲ್ಕು ಬರೆದೆ. ಪ್ರತಿಯೊಂದರ ಕೆಳಗೂ ಅತ್ತೆ ಹೆಬ್ಬೆಟ್ಟು ಒತ್ತುತ್ತಿದ್ದ ರಭಸಕ್ಕೆ ಮೇಜು ಅಲುಗಾಡುತ್ತಿತ್ತು! "ಸಹಿ ಮಾಡೋದಾದ್ರೂ ಕಲಿ ಅತ್ತೆ" ಎಂದು ರೇಗಿಸಿದರೆ, "ನಿಮ್ಮಪ್ಪ ಕಲ್ತ, ನೀನು ಕಲ್ತೆ. ಸಾಕು ಸುಮ್ಕಿರು" ಎನ್ನುತ್ತಿದ್ದಳು. ಅರ್ಜಿಗಳು ಆಫೀಸಿಗೆ ಹೋದವು. ಹೋದದ್ದು ಹೋದದ್ದೇ.

"ಲಾರಿ ಕಾಗದಕ್ಕೆ ನಿಲ್ಲಲ್ಲ ಕಣೋ" ಎಂದು ಅತ್ತೆ ಸ್ವಂತ ಇಂಜಿನಿಯರಿಂಗ್ ಶುರುಮಾಡಿದಳು. ನಮ್ಮ ಕಡೆ ಹುರುಳಿ ಒಕ್ಕಲು ಈಗ ಕಣ ಯಾರು ಮಾಡುತ್ತಾರೆ ಹೇಳಿ? ಗಿಡ ಕಿತ್ತು ತಂದು ರಸ್ತೆಗೆ ಹರಡಿದರೆ ಮುಗಿಯಿತು, ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಹರಡಿದ ಕಡೆ ಗಾಡಿಗಳು ನಿಧಾನವಾಗುವುದನ್ನು ಅತ್ತೆ ಗಮನಿಸಿದ್ದಳು. ಒಂದು ಬೆಳಿಗ್ಗೆ ತನ್ನ ಹೊಲದ ಹುರುಳಿಯನ್ನೆಲ್ಲ ತಂದು ಸ್ಕೂಲಿನ ಮುಂದೆ ಹಾಸಿಬಿಟ್ಟಳು. ಲಾರಿಗಳು ನಿಜಕ್ಕೂ ತೆವಳಿದವು! ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಆಗ ಸ್ಕೂಟರಿನಲ್ಲಿ ಬಂದರು ನೋಡಿ, ನಮ್ಮ ಹೆಡ್ ಮೇಷ್ಟ್ರು! ಕಾಳಿನ ಮೇಲೆ ಚಕ್ರ ಜಾರಿ ಸ್ಕೂಟರು ಒಂದು ಕಡೆ, ಮೇಷ್ಟ್ರು ಒಂದು ಕಡೆ, ಅವರ ಹಿಂದೆಯೇ ಮೂರು ಸೈಕಲ್ಲು. ಹಾಸಿಗೆ ದಪ್ಪಗಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಮೇಷ್ಟ್ರು ತಲೆಯಿಂದ ಹೊಟ್ಟು ಕೊಡವಿಕೊಳ್ಳುತ್ತಾ, "ತಾಯಿ, ಮಕ್ಕಳನ್ನ ಉಳಿಸೋಕೆ ಹೋಗಿ ಮೇಷ್ಟ್ರನ್ನ ಒಕ್ಕಬೇಡಿ" ಎಂದರು.

ಅತ್ತೆಯ ಮುಖ ಸಣ್ಣದಾಯಿತು. ಸೈಕಲ್ಲಿನಿಂದ ಬಿದ್ದ ಮಕ್ಕಳ ಮಂಡಿಯನ್ನು ಒಬ್ಬೊಬ್ಬರದಾಗಿ ತಡವಿ ನೋಡಿದಳು. ಪೊರಕೆ ತಂದು ಒಂದು ಕಾಳೂ ಉಳಿಯದಂತೆ ಗುಡಿಸಿದಳು. ಅಂದಿನಿಂದ ಸ್ಕೂಲಿನ ಆಸುಪಾಸು ಇನ್ಯಾರಾದರೂ ರಸ್ತೆಗೆ ಒಕ್ಕಣೆ ಹಾಕಿದರೆ ಅವರ ಏಳು ತಲೆಮಾರನ್ನೂ ಎಬ್ಬಿಸಿ ಬೈಯುವ ಕೆಲಸವೂ ಅತ್ತೆಯದೇ ಆಯಿತು.

ಆಮೇಲೆ ಹೊಳೆದದ್ದು ಕುರಿ. ಬೆಳಿಗ್ಗೆ ಮೊದಲ ಬೆಲ್ಲಿಗೆ ಸರಿಯಾಗಿ ನಲವತ್ತು ಕುರಿಯೂ ರಸ್ತೆಗೆ ಇಳಿಯುತ್ತಿದ್ದವು. ಅವುಗಳ ನಡುವೆ ಬ್ಯಾಗು, ಸೈಕಲ್ಲು, ಎರಡು ಜಡೆಯ ಮಕ್ಕಳು! ಸಂಜೆ ಮತ್ತೆ ಈ ಕಡೆಗೆ. ಬಸ್ಸಿನವನು ತಲೆ ಹೊರಗೆ ಹಾಕಿ, "ಏನಮ್ಮಾ, ನಿನ್ ಕುರಿ ದಿನಾ ಇದೇ ಟೈಮಿಗೆ ದಾಟ್ಬೇಕಾ?" ಎಂದರೆ, "ಬೆಲ್ ಹೊಡೆದದ್ದು ಅವಕ್ಕೂ ಕೇಳ್ಸುತ್ತೆ ಕಣಪ್ಪಾ" ಎನ್ನುತ್ತಿದ್ದಳು.

"ಮಕ್ಕಳಿಗೆ ನಿಲ್ಲಿಸದವನು ಕುರಿಗೆ ಹೆಂಗೆ ನಿಲ್ಲಿಸ್ತಾನೆ ಅತ್ತೆ?" ಎಂದು ಕೇಳಿದೆ.

"ಹಾರನ್ ಹೊಡೆದ್ರೆ ಮಕ್ಳು ಹೆದ್ರಿ ಹಿಂದಕ್ಕೋಯ್ತವೆ. ಕುರಿಗೆ ಹಾರನ್ ಅಂದ್ರೇನು ಅಂತ್ಲೇ ಗೊತ್ತಿಲ್ವಲ್ಲೋ!"

ಕುರಿಗಳಿಗೂ ಇದು ಎಷ್ಟು ಅಭ್ಯಾಸವಾಯಿತೆಂದರೆ, ಭಾನುವಾರ ಬೆಲ್ ಇಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಬಂದು ರಸ್ತೆಯ ಅಂಚಿನಲ್ಲಿ ನಿಲ್ಲುತ್ತಿದ್ದವು. ಟಗರಂತೂ ಒಂದು ದಿನ ಯಾರದೋ ಬ್ಯಾಗಿನಿಂದ ವಿಜ್ಞಾನದ ಪುಸ್ತಕ ಎಳೆದು ಮೂರು ಪಾಠ ಮುಗಿಸಿತು. "ನಮ್ಮ ಕ್ಲಾಸಿನಲ್ಲಿ ಇನ್ನೂ ಎರಡೇ ಆಗಿರೋದು" ಎಂದರು ಮೇಷ್ಟ್ರು. ಅವರು ದಿನವೂ "ಗೇಟಿನವರೆಗೂ ಬರ್ತೀರಿ, ಒಳಗೆ ಬಂದು ಟೀ ಕುಡೀರಿ ತಾಯಿ" ಎಂದು ಕರೆಯುತ್ತಿದ್ದರು. ಅತ್ತೆ ದಿನವೂ "ಕುರಿ ಬಿಟ್ಟು ಎಲ್ ಬರ್ಲಿ ಮೇಷ್ಟ್ರೇ" ಎಂದು ಮಕ್ಕಳನ್ನು ಒಳಕ್ಕೆ ಬಿಟ್ಟು ಗೇಟಿನಿಂದಲೇ ತಿರುಗುತ್ತಿದ್ದಳು.

ಒಂದು ಸೋಮವಾರ ಕುರಿಗಳ ನಡುವೆ ಸಿಕ್ಕಿಕೊಂಡದ್ದು ಜೀಪು. ಒಳಗಿದ್ದವರು ರಸ್ತೆಯ ಇಂಜಿನಿಯರು! ತರೀಕೆರೆಯಲ್ಲಿ ಮೀಟಿಂಗಂತೆ, ಬಹಳ ಅರ್ಜೆಂಟಂತೆ.

"ಏನಮ್ಮಾ ಇದು, ರಸ್ತೇನಾ, ಕುರಿ ಹಟ್ಟೀನಾ?"

"ಹಂಪ್ಸ್ ಹಾಕ್ಸಿ ಸಾಮಿ, ನಾಳೆಯಿಂದ್ಲೇ ಕುರಿ ಹೊಡ್ಕೊಂಡೋಯ್ತೀನಿ."

"ಅದಕ್ಕೆಲ್ಲ ಅರ್ಜಿ ಕೊಡಬೇಕು."

ಅತ್ತೆ ಎಲೆ ಅಡಿಕೆ ಚೀಲಕ್ಕೆ ಕೈಹಾಕಿ ನಾಲ್ಕೂ ಅರ್ಜಿಯ ನಕಲು ತೆಗೆದಳು. ನಾಲ್ಕು ಹೆಬ್ಬೆಟ್ಟು, ಮೇಲೆ ಸುಣ್ಣದ ಕಲೆ. ಸಾಹೇಬರು ಓದುತ್ತಿದ್ದಂತೆ, ಮೊಣಕೈ ತರಚಿಸಿಕೊಂಡಿದ್ದ ಆ ಹುಡುಗಿಯೇ ತನಗಿಂತ ಎತ್ತರದ ಸೈಕಲ್ಲನ್ನು ತಳ್ಳಿಕೊಂಡು, ಟಗರಿನ ಬೆನ್ನ ಮೇಲೆ ಒಂದು ಕೈಯಿಟ್ಟು ಜೀಪಿನ ಮುಂದೆಯೇ ದಾಟಿದಳು. ಸಾಹೇಬರು ಅವಳು ಗೇಟು ಸೇರುವವರೆಗೂ ನೋಡಿದರು. ಹಾರನ್ನಿಗೆ ಕೈಹಾಕಿದ ಡ್ರೈವರಿಗೆ "ಇರಪ್ಪ" ಎಂದರು.

ಯುಗಾದಿಯೊಳಗೆ ಹಂಪ್ಸ್ ಬಂತು. ಬಿಳಿ ಪಟ್ಟೆ ಬಂತು, ಬೋರ್ಡೂ ಬಂತು. ಆ ಹಂಪ್ಸಿಗೆ ಮೊದಲ ಬಲಿ ಯಾರು? ನಾನೇ! ಹಳೆಯ ಚಾಳಿಯಲ್ಲಿ ಬಂದು, ಬೈಕು ನೆಗೆದು, ಹಿಂದೆ ಕಟ್ಟಿದ್ದ ತೆಂಗಿನಕಾಯಿಗಳೆಲ್ಲ ರಸ್ತೆಯ ಪಾಲಾದವು. ಅಂಚಿನಲ್ಲಿ ಕೂತಿದ್ದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಯಿ ಆರಿಸುತ್ತಾ ಸಿಟ್ಟಿನಲ್ಲಿ ಕೇಳಿಬಿಟ್ಟೆ: "ಮಕ್ಳಿಲ್ಲ, ಮೊಮ್ಮಕ್ಳಿಲ್ಲ. ಈ ಸ್ಕೂಲಿನ ಉಸಾಬರಿ ನಿಂಗ್ಯಾಕತ್ತೆ?"

ಅತ್ತೆಯ ನಗು ನಿಂತಿತು. ಬಿಳಿ ಪಟ್ಟೆಗಳನ್ನು ನೋಡುತ್ತಾ ಹೇಳಿದಳು.

"ಒಂದ್ನೇ ಕ್ಲಾಸಿಗೆ ಸೇರಿದ್ದೆ ಅಷ್ಟೆ ಕಣೋ. ರಸ್ತೆಗೆ ಟಾರು ಬಿತ್ತು, ಲಾರಿ ಬಂದ್ವು. ಹೆಣ್ ಮಗೀನ ದಿನಾ ಯಾರು ದಾಟಿಸ್ತಾರೆ ಅಂತ ನಮ್ಮಪ್ಪ ಬಿಡಿಸ್ಬಿಟ್ಟ. ಎರಡ್ ವರ್ಷಕ್ಕೆ ನಿಮ್ಮಪ್ಪನ್ನ ಸೇರಿಸಿದ್ರು. ಅವನ್ನ ದಾಟಿಸ್ಬಿಟ್ಟು ಬಾ ಅಂತ ಅಪ್ಪ ನಂಗೇ ಹೇಳ್ದ. ದಿನಾ ಕೈ ಹಿಡ್ಕೊಂಡು ದಾಟಿಸ್ತಿದ್ದೆ. ಗೇಟಿನತ್ರ ಬಿಟ್ಟು ವಾಪಸ್ ಬತ್ತಿದ್ದೆ."

ನಾಲ್ಕು ಅರ್ಜಿ ಬರೆದ ನನ್ನ ಅಕ್ಷರ ಎಲ್ಲಿಂದ ಬಂದದ್ದು ಎಂದು ಆಗ ಗೊತ್ತಾಗಿ ನಾಚಿಕೆಯಾಯಿತು. ಕಾಯಿಗಳನ್ನು ಅಲ್ಲೇ ಬಿಟ್ಟು ಅತ್ತೆಯ ಕೈ ಹಿಡಿದು ಎಬ್ಬಿಸಿದೆ. ಒಂದು ಬಸ್ಸು ಬಂದು ಹಂಪ್ಸಿನ ಹತ್ತಿರ ತಾನಾಗಿಯೇ ನಿಧಾನ ಮಾಡಿ ನಿಂತಿತು. ಕುರಿಗಳಿಲ್ಲದೆ, ಇಬ್ಬರೇ ದಾಟಿದೆವು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಗೇಟು ಬಂದ ಕೂಡಲೇ ಅತ್ತೆ ರೂಢಿಯಂತೆ ಹಿಂದಕ್ಕೆ ತಿರುಗಿದಳು.

ನಾನು ಕೈ ಬಿಡಲಿಲ್ಲ.