ಆರ್ಡಿಸತ್ತೆ ‘ಹೂಂ’ ಅಂದ ಬೇಸಗೆ

ಲಿಂಡರ್ ಕೆರೆಯ ದಂಡೆಯಲ್ಲಿರುವ ಆ ಊರಿನಲ್ಲಿ ಯಾರಾದರೂ ನಿಮಗೆ ಕಾಫಿ ಬೇಕೇ ಎಂದು ಕೇಳಿದರೆ ಬೇಡ ಎನ್ನಬೇಕು. ಅವರು ಮತ್ತೊಮ್ಮೆ ಕೇಳುತ್ತಾರೆ. ಆಗ ‘ಈಗ ತಾನೇ ಕುಡಿದು ಬಂದೆ’ ಎಂದು ಒಂದು ಸುಳ್ಳು ಹೇಳಬೇಕು. ಮೂರನೆಯ ಸಲ ಅವರು, ‘ಹೇಗೂ ಮಾಡಿಟ್ಟಿದ್ದೀನಿ, ಚೆಲ್ಲಬೇಕಾಗುತ್ತೆ’ ಎನ್ನುತ್ತಾರೆ. ಚೆಲ್ಲುವ ಪಾಪಕ್ಕೆ ಹೆದರಿದವರಂತೆ ‘ಹಾಗಾದ್ರೆ ಅರ್ಧ ಲೋಟ’ ಎಂದು ಒಪ್ಪಿ, ಎರಡು ಲೋಟ ಕುಡಿದು ಬರಬೇಕು. ಮಿನೆಸೋಟದ ಆ ಭಾಗದಲ್ಲಿ ಇದಕ್ಕೆ ಸಭ್ಯತೆ ಎಂದು ಹೆಸರು. ಮೊದಲ ಸಲಕ್ಕೇ ಹೂಂ ಎಂದವನನ್ನು ಅಲ್ಲಿಯವರು ಬೈಯುವುದಿಲ್ಲ (ಬೈಯುವುದೂ ಅಸಭ್ಯತೆಯೇ). ಪಾಪ, ಹೊರಗಿನವನಿರಬೇಕು ಎಂದುಕೊಂಡು ಕಿಟಕಿಯ ಕಡೆ ನೋಡುತ್ತಾರೆ.

ಈ ತ್ರಿವಾರ ನಿರಾಕರಣ ಶಾಸ್ತ್ರದಲ್ಲಿ ಆರ್ಡಿಸತ್ತೆ ಘನಪಾಠಿ. ಊರಿನ ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವಿಡೀ ಮಕ್ಕಳಿಗೆ ಬಡಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಅದಕ್ಕೂ ಶಾಸ್ತ್ರವೇ ಕಾರಣ. ಹಾಲಿನ ಲಾರಿ ಓಡಿಸುತ್ತಿದ್ದ ಹಾರ್ಲನ್ ಎಂಬುವನು ಕೆರೆಯ ಕಟ್ಟೆಯ ಮೇಲೆ ನಿಂತು ಅವಳನ್ನು ಕೇಳಿದ್ದ. ಅತ್ತೆ ನಿಯಮದಂತೆ ಬೇಡ ಎಂದಳು. ವಾರ ಬಿಟ್ಟು ಮತ್ತೆ ಕೇಳಿದ. ‘ನನ್ನಂಥವಳು ನಿನಗ್ಯಾಕೆ ಹೇಳು’ ಎಂದಳು. ಮೂರನೆಯ ಸಲಕ್ಕೆ ತೊಡಲೆಂದು ನೀಲಿ ಫ್ರಾಕನ್ನೂ ಹೊಲಿಸಿಟ್ಟಳು. ಆದರೆ ಹಾರ್ಲನ್ ದಕ್ಷಿಣದ ಕಡೆಯವನು. ಎರಡು ಸಲ ಬೇಡ ಎಂದರೆ ಬೇಡ ಎಂದೇ ತಿಳಿಯುವ ಮುಗ್ಧ ಜನ ಅವರು. ಊರಿಗೆ ಹೋಗಿ ಬೇರೆ ಯಾರನ್ನೋ ಕಟ್ಟಿಕೊಂಡ. ಅವರಿಬ್ಬರೂ ಚೆನ್ನಾಗಿದ್ದಾರೆ ಎಂಬುದನ್ನು ಅತ್ತೆ ಬೇರೆಯವರಿಂದ ಕೇಳಿ ಸಂತೋಷಪಟ್ಟಳು. ಹಾಗೆಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು.

ಅಣ್ಣ ವರ್ಲಿನ್ ಇದ್ದಷ್ಟು ಕಾಲ ಆಕೆಗೆ ಒಂಟಿತನ ತಟ್ಟಲಿಲ್ಲ. ಪ್ರತಿ ಜುಲೈನಲ್ಲೂ ಅವನು ಹೆಂಡತಿ ಮಗನೊಡನೆ ಬರುತ್ತಿದ್ದ. ಬರುವ ಮೊದಲು ಫೋನು ಮಾಡಿ ಬರಲೇ ಎಂದು ಮೂರು ಸಲ ಕೇಳಿ, ತಂಗಿಯಿಂದ ಎರಡು ಸಲ ಬೇಡ ಎನ್ನಿಸಿಕೊಂಡು, ತೃಪ್ತಿಯಿಂದ ಹೊರಡುತ್ತಿದ್ದ. ವರ್ಲಿನ್ ಹೋದ ಮೇಲಿನ ಮೊದಲ ಬೇಸಗೆಯಲ್ಲಿ ಯಾರೂ ಬರಲಿಲ್ಲ. ಸೊಳ್ಳೆಗಳು ಬಂದವು. ಮನೆಯಲ್ಲಿ ಮಾತಾಡುವುದೆಂದರೆ ರೇಡಿಯೋ ಒಂದೇ, ಅದೂ ಬರೀ ಹವಾಮಾನ. ಅತ್ತೆ ಅದಕ್ಕೂ ‘ಹೌದಾ? ನಾಳೆ ಮಳೆನಾ?’ ಎಂದು ಉತ್ತರ ಕೊಡುವಷ್ಟಕ್ಕೆ ಬಂದಿದ್ದಳು.

ಈ ವರ್ಷ ಜೂನ್ ತಿಂಗಳಲ್ಲಿ ಫೋನು ಬಂತು. ಮಾಡಿದವಳು ವರ್ಲಿನ್‌ನ ಮಗ ಟಾಡ್‌ನ ಹೆಂಡತಿ ರೊಸಾನಾ. ನ್ಯೂಜೆರ್ಸಿಯ ಸಮುದ್ರದಂಡೆಯ ಹುಡುಗಿ. ಅವಳ ತವರಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಊಟ ಬೇಡ ಎಂದವರಿಗೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ.

“ಆರ್ಡಿಸತ್ತೇ! ಜುಲೈನಲ್ಲಿ ನಾವ್ ಮೂರೂ ಜನ ಬರ್ತಿದ್ದೀವಿ. ನಿಮ್ಮನೇಲೇ ಇಳ್ಕೊಳ್ಳೋಣ ಅಂತ. ಆಗುತ್ತಾ?”

ಅತ್ತೆಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಬಾಯಿ ಪಳಗಿದ ಬಾಯಿ. “ಅಯ್ಯೋ, ನಮ್ಮನೇಲಿ ಏನಿದೆ ಅಂತ ಬರ್ತೀರಮ್ಮ? ಮಂಚ ಬೇರೆ ಕಿರುಗುಟ್ಟುತ್ತೆ. ಆಚೆ ದಡದಲ್ಲಿ ಬಾಡಿಗೆ ಮನೆಗಳಿವೆ, ಮರಳೂ ಚೆನ್ನಾಗಿದೆ ಅಲ್ಲಿ.”

“ಹೌದಾ? ಹೇಳಿದ್ದು ಒಳ್ಳೇದಾಯ್ತು ನೋಡಿ. ಅಲ್ಲೇ ಬುಕ್ ಮಾಡ್ತೀನಿ. ಥ್ಯಾಂಕ್ಸ್ ಅತ್ತೆ!”

ಫೋನು ಇಟ್ಟೇಬಿಟ್ಟಳು. ಎರಡನೆಯ ಸಲ ಕೇಳಲು ಮತ್ತೆ ಮಾಡುತ್ತಾಳೇನೋ ಎಂದು ಅತ್ತೆ ಸಂಜೆಯವರೆಗೂ ತೋಟಕ್ಕೆ ಇಳಿಯಲಿಲ್ಲ. ಆಮೇಲೆ ಒಳಗೆ ಹೋಗಿ, ಯಾರಾದರೂ ಬಂದಾರೆಂದು ಮೊದಲೇ ಒಗೆದು ಅತಿಥಿಗಳ ಮಂಚಕ್ಕೆ ಹಾಸಿಟ್ಟಿದ್ದ ಹೊಸ ಹಾಸಿಗೆ ಬಟ್ಟೆಯನ್ನು ಮಡಿಸಿ ಕಪಾಟಿಗೆ ಸೇರಿಸಿದಳು.

ಅಂತೂ ಬಂದರು. ಟಾಡ್, ರೊಸಾನಾ, ಅವರ ಐದು ವರ್ಷದ ಮಗಳು ಟೆಸ್. ಬಂದ ಮಾರನೆಯ ದಿನವೇ ರೊಸಾನಾ ಬಾಡಿಗೆ ದೋಣಿಯನ್ನು ಅತ್ತೆಯ ಮನೆಯ ಹಿಂದಿನ ಕೆರೆಕಟ್ಟೆಗೆ ತಂದು ನಿಲ್ಲಿಸಿ, “ಹತ್ತಿ ಅತ್ತೆ, ಒಂದ್ ಸುತ್ತು ಹಾಕೋಣ!” ಎಂದಳು.

“ಬೇಡಮ್ಮ, ಹುಡುಗ್ರು ನೀವ್ ಹೋಗಿ. ನನಗ್ಯಾಕೆ ಇದೆಲ್ಲ?” ಎಂದಳು ಅತ್ತೆ. ಹಾಗೆನ್ನುವಾಗ ಅವಳ ತಲೆಯ ಮೇಲೆ ಬಿಸಿಲಿನ ಟೋಪಿ ಇತ್ತು, ಕೈಯಲ್ಲಿ ಟವೆಲ್ ಇತ್ತು, ಮೈಗೆಲ್ಲ ಸೊಳ್ಳೆಯೆಣ್ಣೆ ಬಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣಿಂದಲೇ ಅರ್ಥ ಮಾಡಿಕೊಳ್ಳುತ್ತಿದ್ದರು. ರೊಸಾನಾ ಕಿವಿಯಿಂದ ಅರ್ಥ ಮಾಡಿಕೊಂಡಳು. ದೋಣಿ ಭರ್ರೆಂದು ಹೋಯಿತು. ಅತ್ತೆ ಟವೆಲ್ ಹಾಸಿಕೊಂಡು ಕಟ್ಟೆಯ ಮೇಲೆ ಕೂತು, ಕೆರೆಯ ನಡುವೆ ಮಗು ಕಿಲಕಿಲ ನಗುವುದನ್ನು ಕೇಳಿದಳು. ನೀರಿನ ಮೇಲೆ ಸದ್ದು ಬಹಳ ದೂರ ಬರುತ್ತದೆ.

ಸಂಜೆ ಮತ್ತೆ ಕರೆ. “ಮೀನು ಹುರೀತಿದ್ದೀವಿ, ಊಟಕ್ಕೆ ಬನ್ನಿ.”

“ನಂದು ಈಗ ತಾನೇ ಆಯ್ತಮ್ಮ.”

“ಅಯ್ಯೋ, ಮೊದ್ಲೇ ಕರೀಬೇಕಿತ್ತು!” ಎಂದು ರೊಸಾನಾ ಪೇಚಾಡಿದಳು. ಪೇಚಾಡಿ ಸುಮ್ಮನಾದಳು. ಅತ್ತೆ ಇವರು ಮನೆಗೆ ಊಟಕ್ಕೆ ಬಂದಾರೆಂದು ಕೈಮಾ, ಆಲೂಗಡ್ಡೆ ಹಾಕಿ ಓವನ್ನಿನಲ್ಲಿ ಒಂದು ದೊಡ್ಡ ತಟ್ಟೆ ಹಾಟ್‌ಡಿಶ್ ಬೇಯಿಸಿಟ್ಟಿದ್ದಳು. ಶಾಲೆಯ ಅಡುಗೆ ಮಾಡಿದ ಕೈ, ಕಡಿಮೆ ಮಾಡಲು ಬರುವುದಿಲ್ಲ. ಅದನ್ನು ವಾರವೆಲ್ಲ ಒಬ್ಬಳೇ ತಿಂದಳು. ಕೊನೆಕೊನೆಗೆ ಫ್ರಿಜ್ಜಿನ ಬಾಗಿಲು ತೆರೆಯಲೂ ಭಯವಾಗತೊಡಗಿತು.

ನಡುವೆ ಒಂದು ಮಧ್ಯಾಹ್ನ ಕಾಫಿಗೆ ಬಂದಿದ್ದರು ಎನ್ನಿ. ಅತ್ತೆ ರೂಬಾರ್ಬ್ ಎಂಬ ಹುಳಿ ದಂಟಿನ ಕೇಕು ಮಾಡಿದ್ದಳು. ಎಲ್ಲರೂ ತಿಂದು ತಟ್ಟೆಯಲ್ಲಿ ಒಂದು ತುಂಡು ಉಳಿಯಿತು. ಆ ಊರಿನಲ್ಲಿ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವ ಹಾಗಿಲ್ಲ. ಒಬ್ಬರು ಅದರಲ್ಲಿ ಅರ್ಧ ಕತ್ತರಿಸುತ್ತಾರೆ, ಇನ್ನೊಬ್ಬರು ಉಳಿದರ್ಧದಲ್ಲಿ ಅರ್ಧ. ಹೀಗೆ ಸಂಜೆಯ ಹೊತ್ತಿಗೆ ಇರುವೆಗೂ ಸಾಲದಷ್ಟು ಪುಡಿ ಉಳಿದು, ಸಭ್ಯತೆ ಉಳಿಯುತ್ತದೆ. ರೊಸಾನಾ ಆ ತುಂಡನ್ನು ನೇರ ಎತ್ತಿ ಬಾಯಿಗಿಟ್ಟುಕೊಂಡು, “ಏನ್ ರುಚಿ ಅತ್ತೆ!” ಎಂದಳು. ಟಾಡ್ ಕಿಟಕಿಯ ಕಡೆ ನೋಡಿದ. ಅತ್ತೆಗೆ ಮಾತ್ರ ಯಾಕೋ ಕೋಪ ಬರಲಿಲ್ಲ. ಬೇಕಾದ್ದನ್ನು ಬೇಕು ಎಂದು ಬಾಯಿಗಿಟ್ಟುಕೊಂಡರೆ ಮುಖ ಅಷ್ಟು ಕಳೆಕಳೆಯಾಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಹೊರಡುವುದಕ್ಕೆ ಎರಡು ದಿನ ಮುಂಚೆ ಟೆಸ್ ತೋಟದಲ್ಲಿ ಟೊಮೇಟೊ ಕೀಳುತ್ತಾ ಗುಟ್ಟು ಬಿಟ್ಟುಕೊಟ್ಟಳು. “ಅಮ್ಮ ನಿಮ್ಮನ್ನ ನಮ್ಮನೆಗೆ ಬನ್ನಿ ಅಂತ ಕರೀತಾಳಂತೆ. ಶಾಲೆ ಶುರುವಾಗೋ ತನಕ.”

ಅತ್ತೆ ಬುಟ್ಟಿಯನ್ನು ಕೆಳಗಿಟ್ಟಳು. “ಹೌದಾ ಪುಟ್ಟಿ? ನಾನೇನಂತೀನಿ ಅನ್ಸುತ್ತೆ ನಿಂಗೆ?”

“ಬೇಡ ಅಂತೀರ. ನೀವು ಯಾವಾಗ್ಲೂ ಬೇಡ ಅಂತೀರಲ್ಲ” ಎಂದು ಮಗು ಒಂದು ಟೊಮೇಟೊ ಕಚ್ಚಿತು. ಮಗುವಿಗೆ ಆ ಮಾತಿನಲ್ಲಿ ದುಃಖವೇನೂ ಇರಲಿಲ್ಲ. ಬೆಕ್ಕು ಮಿಯಾಂವ್ ಎನ್ನುತ್ತದೆ, ಅತ್ತೆ ಬೇಡ ಎನ್ನುತ್ತಾಳೆ, ಅಷ್ಟೇ.

ಆ ರಾತ್ರಿ ಆರ್ಡಿಸತ್ತೆ ಮಹಾಸಂಕಲ್ಪ ಮಾಡಿದಳು. ಈ ಸಲ ಮೊದಲನೆಯ ಮಾತಿಗೇ ಹೂಂ ಅಂದುಬಿಡುವುದು. ಹಾರ್ಲನ್ ಹೋದ, ಮಂಚ ಹೋಯಿತು, ದೋಣಿ ಹೋಯಿತು, ಮೀನು ಹೋಯಿತು. ಇದೂ ಹೋದರೆ ಮುಂದೆ ಹಿಮ ಬೀಳುವವರೆಗೂ, ಬಿದ್ದು ಕರಗುವವರೆಗೂ ಇದೇ ನಾಲ್ಕು ಗೋಡೆ, ಇದೇ ಹವಾಮಾನ. ಅವಳಿಗೆ ಹೋಗಬೇಕಿತ್ತು. ಒಂದು ಮನೆ ತುಂಬ ಜನ ಒಟ್ಟಿಗೇ ಮಾತಾಡುವುದನ್ನು ನಡುವೆ ಕೂತು ಕೇಳಬೇಕಿತ್ತು.

ಸಂಕಲ್ಪ ಮಾಡಿದರೆ ಸಾಲದು, ನಾಲಿಗೆ ಪಳಗಬೇಕಲ್ಲ. ಕನ್ನಡಿಯ ಮುಂದೆ ನಿಂತು ‘ಹೂಂ’ ಎಂದು ನೋಡಿದಳು. ಹಲ್ಲುನೋವಿನವಳ ಹಾಗೆ ಕೇಳಿಸಿತು. ಬಟ್ಟೆ ಒಗೆಯುವ ಯಂತ್ರಕ್ಕೆ ಹೇಳಿದಳು, ಅದು ಗಡಗಡ ಎಂದು ಒಪ್ಪಿಕೊಂಡಿತು. ಮಾರನೆಯ ದಿನ ಅಂಗಡಿಯಲ್ಲಿ, “ಚೀಲ ಬೇಕೇನ್ರಿ?” ಎಂದು ಕೇಳಿದ ಹುಡುಗಿಗೆ “ಹೂಂ!” ಎಂದು ಎಷ್ಟು ಜೋರಾಗಿ ಹೇಳಿದಳೆಂದರೆ, ಆ ಹುಡುಗಿ ಹೆದರಿ ಎರಡು ಚೀಲ ಕೊಟ್ಟಳು. ಮನೆಗೆ ಬಂದು ಪೆಟ್ಟಿಗೆ ತುಂಬಿ ಬಾಗಿಲ ಹಿಂದೆ ಬಚ್ಚಿಟ್ಟಳು. ಫ್ರಿಜ್ಜು ಖಾಲಿ ಮಾಡಿ ಒರೆಸಿದಳು. ಟೊಮೇಟೊ ಗಿಡಗಳಿಗೆ ನೀರು ಹಾಕುವ ಜವಾಬ್ದಾರಿಯನ್ನು ಪಕ್ಕದ ಮನೆಯವರಿಗೆ ವಹಿಸಿ, ಅವರು ಎಲ್ಲಿಗೆ ಎಂದು ಕೇಳಿದ್ದಕ್ಕೆ “ನೋಡೋಣ, ಯಾರಾದ್ರೂ ಕರೆದ್ರೆ” ಎಂದು ರಾಜಕಾರಣಿಯ ಹಾಗೆ ನಕ್ಕಳು.

ಹೊರಡುವ ದಿನ ಬಂತು. ಆ ಊರಿನಲ್ಲಿ ಬೀಳ್ಕೊಡುವುದೆಂದರೆ ಸಣ್ಣ ಕೆಲಸವಲ್ಲ. ಮೊದಲು ತೊಡೆ ತಟ್ಟಿ ‘ಸರಿ ಹಾಗಾದ್ರೆ’ ಎಂದು ಏಳಬೇಕು. ಎದ್ದು ಬಾಗಿಲಲ್ಲಿ ಒಂದಷ್ಟು, ಮೆಟ್ಟಿಲ ಮೇಲೆ ಒಂದಷ್ಟು, ಕಾರಿನ ಕಿಟಕಿಗೆ ಬಗ್ಗಿ ಒಂದಷ್ಟು ಮಾತಾಡಬೇಕು. ಕಾರು ಕಣ್ಣಿಗೆ ಮರೆಯಾಗುವವರೆಗೂ ರಸ್ತೆಯಲ್ಲಿ ನಿಂತು ಕೈ ಬೀಸಬೇಕು. ಟಾಡ್ ಅತ್ತೆಯ ಮನೆಯೆದುರು ನಿಲ್ಲಿಸಿದ ಕಾರಿನ ಮಾಡಿಗೆ ಸಾಮಾನು ಬಿಗಿಯುತ್ತಿದ್ದ. ರೊಸಾನಾ ಮೆಟ್ಟಿಲು ಹತ್ತಿ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

“ಆರ್ಡಿಸತ್ತೆ, ನಮ್ ಜೊತೆ ಬಂದ್ಬಿಡಿ. ಶಾಲೆ ಶುರುವಾಗೋವರ್ಗೂ ಇರಿ. ಸಮುದ್ರ ಮನೆ ಪಕ್ಕದಲ್ಲೇ ಇದೆ.”

“ಹೂಂ” ಎಂದಳು ಆರ್ಡಿಸತ್ತೆ.

ಅಂದೇಬಿಟ್ಟಳು! ಭೂಮಿ ಬಾಯಿ ಬಿಡಲಿಲ್ಲ, ಕೆರೆ ಉಕ್ಕಲಿಲ್ಲ. ಮುಖವೆಲ್ಲ ಬಿಸಿಯಾಗಿ, ಕಾಲು ಹಗುರವಾಗಿ, ಹದಿನೆಂಟರ ಹುಡುಗಿಯ ಹಾಗೆ ಅವಳಿಗೆ ನಗು ಬಂತು.

ರೊಸಾನಾ ಮಾತ್ರ ಹುಬ್ಬು ಗಂಟಿಕ್ಕಿ ಏನನ್ನೋ ನೆನಪಿಸಿಕೊಂಡವಳಂತೆ ನಿಂತಳು. ಆಮೇಲೆ ಕೇಳಿದಳು: “ನಿಜವಾಗ್ಲೂ? ದೂರದ ದಾರಿ ಅತ್ತೆ. ಕಾರ್ ಬೇರೆ ತುಂಬಿದೆ. ಟೆಸ್ ಉದ್ದಕ್ಕೂ ಹಾಡ್ತಾಳೆ. ಬರ್ತೀರಾ?”

ಅತ್ತೆಯ ನಗು ಅರ್ಧಕ್ಕೆ ನಿಂತಿತು. ಬೇಡ ಎಂದವರನ್ನು ಮತ್ತೆ ಕೇಳುವುದು ಸಭ್ಯತೆ. ಆದರೆ ಹೂಂ ಎಂದವರನ್ನೂ ಮತ್ತೆ ಕೇಳಿದರೆ, ದಯವಿಟ್ಟು ಬೇಡ ಅನ್ನಿ ಎಂದು ಅದರ ಅರ್ಥ. ಇದು ಆ ಊರಿನ ಕೂಸಿಗೂ ಗೊತ್ತು. “ಹೂಂ... ಬರಬಹುದು ಅಂತ... ನಿಮಗೆ ತೊಂದ್ರೆ ಇಲ್ದಿದ್ರೆ...” ಎಂದು ತೊದಲಿದಳು.

“ನಮ್ಗೋಸ್ಕರ ಅಂತ ಒಪ್ಕೋಬೇಡಿ, ಆಯ್ತಾ? ಕೊನೇ ಸಲ ಕೇಳ್ತೀನಿ. ಬರ್ತೀರಾ?”

ಮೂರನೆಯ ಸಲ! ಇನ್ನು ಹೂಂ ಎನ್ನುವುದೆಂದರೆ ಕಾರಿಗೆ ಅಡ್ಡ ಮಲಗಿದ ಹಾಗೆ. ಎಷ್ಟು ಕಷ್ಟಪಟ್ಟು ಬೇಡ ಅನ್ನಿ ಎನ್ನುತ್ತಿದೆ ಪಾಪ ಈ ಹುಡುಗಿ, ತನಗೇ ತಿಳಿಯಬಾರದೇ ಎಂದು ಅತ್ತೆಗೆ ನಾಚಿಕೆಯಾಯಿತು.

“ಅಯ್ಯೋ, ಬೇಡಮ್ಮ! ತಮಾಷೆಗಂದೆ. ಟೊಮೇಟೊ ಬಿಟ್ಟು ನಾನೆಲ್ಲಿಗೆ ಬರ್ಲಿ?”

ರೊಸಾನಾಳ ಮುಖ ಅರಳಿತು. ಗಂಡನ ಕಡೆ ತಿರುಗಿ ಕೂಗಿದಳು: “ನೋಡ್ದ್ಯಾ ಟಾಡ್? ನಾನೂ ಕಲ್ತೆ! ನಿಮ್ಮೂರಲ್ಲಿ ಮೊದಲ್ನೇದೂ ಎರಡ್ನೇದೂ ಬರೀ ಮರ್ಯಾದೆಗೆ, ಮೂರನೇದೇ ನಿಜ ಅಂತ ಹೇಳ್ದ್ಯಲ್ಲ. ಮೂರು ಸಲ ಕೇಳ್ದೆ. ಪಾಪ ನನ್ ಮನಸ್ಸು ನೋಯಬಾರ್ದು ಅಂತ ಅತ್ತೆ ಎರಡು ಸಲ ಒಪ್ಕೊಂಡ್ರು. ಮನಸ್ಸಲ್ಲಿದ್ದದ್ದು ಕೊನೆಗೆ ಬಂತು!”

ಆರ್ಡಿಸತ್ತೆ ಬಾಯಿ ತೆರೆದಳು. ಆದರೆ ಆ ಹುಡುಗಿ ವಾರವೆಲ್ಲ ತಪ್ಪುತ್ತಾ ಬಂದು, ಈಗ ಸರಿಯಾಗಿ ಮಾಡಿದೆನೆಂದು ಪರೀಕ್ಷೆ ಪಾಸಾದ ಮಗುವಿನ ಹಾಗೆ ಹಿಗ್ಗುತ್ತಿದ್ದಳು. ತಪ್ಪು ಎಂದು ಹೇಳುವುದು ಹೇಗೆ? ಮೆಟ್ಟಿಲ ಬಳಿ ಬಂದ ಟಾಡ್ ಒಂದು ಕ್ಷಣ ಅತ್ತೆಯ ಮುಖ ನೋಡಿದ. ಆದರೆ ಅವನದೂ ಆ ಊರಿನ ರಕ್ತವೇ. ನಾಲ್ಕನೆಯ ಸಲ ಕೇಳುವುದು ಬಲವಂತ. “ಮುಂದಿನ ವರ್ಷ ನೋಡೋಣ ಅತ್ತೆ” ಎಂದು ತಬ್ಬಿಕೊಂಡು ಹೋಗಿ ಕಾರಿನಲ್ಲಿ ಕೂತ.

ಕಾರು ಹೊರಟಿತು. ಅತ್ತೆ ರಸ್ತೆಯ ಅಂಚಿನಲ್ಲಿ ನಿಂತಳು. ಕಾರು ಅಂಚೆ ಡಬ್ಬಿಗಳನ್ನು ದಾಟಿತು. ಇನ್ನು ಅವಳಿಗೆ ತಡೆಯಲಾಗಲಿಲ್ಲ.

“ಬರ್ತೀನೀ!” ಎಂದು ಕೂಗಿದಳು. “ರೊಸಾನಾ! ನಿಲ್ಸೀ! ನಾನೂ ಬರ್ತೀನೀ!” ಎರಡೂ ಕೈ ಮೇಲೆತ್ತಿ ಆಡಿಸುತ್ತಾ, ಮನೆಯ ಚಪ್ಪಲಿಯಲ್ಲೇ, ಜಲ್ಲಿಕಲ್ಲಿನ ರಸ್ತೆಯ ಮೇಲೆ ಓಡಿದಳು. ಆ ವಯಸ್ಸಿಗೆ, ಆ ಮಂಡಿಗಳಿಗೆ ಅದು ಓಟವೇ.

ಕಾರಿನ ಕಿಟಕಿಗಳು ಕೆಳಗಿಳಿದವು. ಒಂದು ಕಡೆಯಿಂದ ರೊಸಾನಾಳ ಉದ್ದನೆಯ ತೋಳು, ಇನ್ನೊಂದು ಕಡೆಯಿಂದ ಟೆಸ್‌ಳ ಪುಟ್ಟ ತೋಳು ಹೊರಗೆ ಬಂದು ಜೋರಾಗಿ ಬೀಸತೊಡಗಿದವು. ಟಾಡ್ ಹಾರ್ನು ಬಾರಿಸಿದ. “ಅಪ್ಪಾ ನೋಡು, ಅಜ್ಜಿ ಓಡ್ಕೊಂಡು ಟಾಟಾ ಮಾಡ್ತಿದ್ದಾರೆ!” ಎಂದು ಮಗು ಕಿರುಚಿದ್ದು ಗಾಳಿಯಲ್ಲಿ ತೇಲಿ ಬಂತು.

ಆರ್ಡಿಸತ್ತೆ ನಿಂತಳು. ಏದುಸಿರು ಬಿಡುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಅವರು ತೋಳು ನೋಯುವಷ್ಟು ಪ್ರೀತಿಯಿಂದ ಕೈ ಬೀಸುತ್ತಿದ್ದರು. ಕೈ ಬೀಸಿದವರಿಗೆ ತಿರುಗಿ ಬೀಸದೆ ನಿಲ್ಲುವುದು ಎಂಥ ಅಮರ್ಯಾದೆ. ಅವಳು ಕೈ ಬೀಸಿದಳು.